ಹಗ್ಗ ಎಳೆಯುವ ಮುನ್ನ: ವರ್ಷಗಟ್ಟಲೆ ಮಲಗಿದ್ದ ದೋಣಿ ಮೋಟಾರಿಗೆ ಮತ್ತೆ ಜೀವ ತುಂಬುವುದು

ಹತ್ತು ವರ್ಷ ಮೂಲೆಯಲ್ಲಿ ಧೂಳು ಹೊದ್ದು ನಿಂತಿದ್ದ, ದೋಣಿಯ ಹಿಂಬದಿಗೆ ಬಿಗಿಯುವ ಔಟ್‌ಬೋರ್ಡ್ ಮೋಟಾರ್ ಕೈಗೆ ಸಿಕ್ಕಿದರೆ ಎಲ್ಲರಿಗೂ ಮೊದಲು ಹುಟ್ಟುವ ಆಸೆ ಒಂದೇ: ಸ್ಟಾರ್ಟರಿನ ಹಗ್ಗ ಹಿಡಿದು ಒಮ್ಮೆ ಜಗ್ಗಿ ನೋಡಬೇಕು. ದಯವಿಟ್ಟು ಆ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ಹತ್ತು ವರ್ಷ ಸುಮ್ಮನೆ ನಿಂತು ಉಳಿದುಕೊಂಡ ಎಷ್ಟೋ ಮೋಟಾರುಗಳು ಈ ಮೊದಲ ಹತ್ತು ನಿಮಿಷದ ಅವಸರದಲ್ಲಿ ಕೆಟ್ಟಿವೆ.

ಒಳಗೆ ಏನಾಗಿರುತ್ತದೆ ಎಂದು ತಿಳಿದರೆ ಈ ಮಾತಿನ ಅರ್ಥವಾಗುತ್ತದೆ. ಓಡುವ ಎಂಜಿನ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಎಣ್ಣೆ ಎಲ್ಲೆಡೆ ಹರಡುತ್ತದೆ, ಬಿಸಿಗೆ ತೇವ ಆರುತ್ತದೆ, ಪೆಟ್ರೋಲ್ ಹೊಸದಾಗುತ್ತಲೇ ಇರುತ್ತದೆ. ನಿಂತುಬಿಟ್ಟರೆ ಸಿಲಿಂಡರಿನ ಗೋಡೆಯ ಮೇಲಿನ ಎಣ್ಣೆಯ ಪದರ ನಿಧಾನವಾಗಿ ಕೆಳಗಿಳಿದು, ಬೆತ್ತಲಾದ ಲೋಹಕ್ಕೆ ತೆಳ್ಳಗೆ ತುಕ್ಕು ಹಿಡಿಯುತ್ತದೆ. ಆ ತುಕ್ಕಿನ ಮೇಲೆ ಪಿಸ್ಟನ್ ರಿಂಗುಗಳನ್ನು ಒಣಗಿದ ಹಾಗೆಯೇ ಎಳೆದಾಡುವುದೆಂದರೆ ಉಪ್ಪುಕಾಗದದಿಂದ ತಿಕ್ಕಿದ ಹಾಗೆ. ಕೆಳಗಿನ ನೀರಿನ ಪಂಪಿನಲ್ಲಿರುವ ಇಂಪೆಲ್ಲರ್, ಅಂದರೆ ತಂಪುನೀರನ್ನು ಮೇಲಕ್ಕೆ ತಳ್ಳುವ ರೆಕ್ಕೆಗಳ ರಬ್ಬರ್ ಚಕ್ರ, ಇದ್ದ ಭಂಗಿಯಲ್ಲೇ ಗಟ್ಟಿಯಾಗಿ ಗೂಡಿಗೆ ಅಂಟಿಕೊಂಡಿರುತ್ತದೆ. ಹಗ್ಗ ಜಗ್ಗಿದಾಗ ಅದರ ರೆಕ್ಕೆಗಳು ಮುರಿದು, ತುಣುಕುಗಳು ತಂಪುನೀರಿನ ದಾರಿಯೊಳಗೆ ಸಿಕ್ಕಿಕೊಳ್ಳುತ್ತವೆ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲಂತೂ ಪೆಟ್ರೋಲಾಗಿಯೇ ಉಳಿದಿರುವುದಿಲ್ಲ.

ಆದ್ದರಿಂದ ನಾನು ಅನುಸರಿಸುವ ಕ್ರಮ ಹೀಗಿದೆ: ಮೊದಲು ಎಣ್ಣೆ, ಆಮೇಲೆ ಕಿಡಿ, ಆಮೇಲೆ ಇಂಧನ, ಆಮೇಲೆ ನೀರು, ಕಟ್ಟಕಡೆಗೆ ಹಗ್ಗ.

ಕೆಲಸಕ್ಕೆ ಕೈ ಹಾಕುವ ಮೊದಲು ಮೋಟಾರ್ ಯಾವುದೆಂದು ಗುರುತಿಸಿಕೊಳ್ಳಿ. ದೋಣಿಗೆ ಬಿಗಿಯುವ ಬ್ರಾಕೆಟ್ಟಿನ ಮೇಲೆ ಸಾಮಾನ್ಯವಾಗಿ ಒಂದು ಪುಟ್ಟ ತಗಡು ಇರುತ್ತದೆ. ಅದರಲ್ಲಿ ಮಾಡೆಲ್ ಮತ್ತು ಸೀರಿಯಲ್ ಸಂಖ್ಯೆ ಇರುತ್ತವೆ. ಸರಿಯಾದ ಇಂಪೆಲ್ಲರ್, ಸರಿಯಾದ ಗ್ಯಾಸ್ಕೆಟ್ ಸಿಗಬೇಕಾದರೆ ಆ ಸಂಖ್ಯೆಯೇ ಆಧಾರ. ಅಮೆರಿಕದ ಹೆಸರಾಂತ ಕಂಪನಿ ಎವಿನ್‌ರೂಡ್ ತನ್ನ ಔಟ್‌ಬೋರ್ಡ್ ತಯಾರಿಸಲು ಆರಂಭಿಸಿದ್ದು 1909ರಲ್ಲಿ, ಅದರ ತಯಾರಿಕೆ ನಿಂತದ್ದು 2020ರಲ್ಲಿ. ತಯಾರಿಕೆ ನಿಂತುಹೋದ ಹೆಸರುಗಳ ಮೋಟಾರುಗಳಿಗೂ ಪಂಪಿನ ಕಿಟ್, ಕಾರ್ಬ್ಯುರೇಟರ್ ಕಿಟ್‌ಗಳನ್ನು ಬೇರೆ ತಯಾರಕರು ಮಾಡುತ್ತಾರೆ. ಹೆಸರು ಮರೆಯಾಗಿದೆಯೆಂದು ಮೋಟಾರನ್ನು ಗುಜರಿಗೆ ಹಾಕಬೇಕಾಗಿಲ್ಲ.

ಪೆಟ್ರೋಲಿನ ಜೊತೆಗೇ ಎಣ್ಣೆ ಪಡೆಯುವ ಟೂ-ಸ್ಟ್ರೋಕೋ, ಎಣ್ಣೆಯನ್ನು ಬೇರೆಯಾಗಿ ಇಟ್ಟುಕೊಳ್ಳುವ ಫೋರ್-ಸ್ಟ್ರೋಕೋ ಎನ್ನುವುದನ್ನೂ ಈಗಲೇ ನೋಡಿಕೊಳ್ಳಿ. ಎಣ್ಣೆಯ ಮಟ್ಟ ನೋಡುವ ಕಡ್ಡಿ ಇದ್ದರೆ ಅದು ಫೋರ್-ಸ್ಟ್ರೋಕ್. ಅದಕ್ಕೆ ಹೊಸ ಎಂಜಿನ್ ಆಯಿಲ್, ಹೊಸ ಫಿಲ್ಟರ್ ಹಾಕಿ. ಟೈಮಿಂಗ್ ಬೆಲ್ಟ್ ಇದ್ದರೆ ಬಿರುಕು ಬಿಟ್ಟಿದೆಯೇ ನೋಡಿ. ಅದನ್ನು ಮಲಗಿಸುವಾಗ ಕೈಪಿಡಿ ಹೇಳಿದ ಮಗ್ಗುಲಿಗೇ ಮಲಗಿಸಬೇಕು, ಇಲ್ಲದಿದ್ದರೆ ಎಣ್ಣೆ ಸಿಲಿಂಡರಿಗೆ ನುಗ್ಗುತ್ತದೆ. ಆದರೆ ಮೂಲೆಯಲ್ಲಿ ಸಿಗುವ ಹಳೆಯ ಸಣ್ಣ ಮೋಟಾರುಗಳಲ್ಲಿ ಬಹುಪಾಲು ಟೂ-ಸ್ಟ್ರೋಕ್ ಆಗಿರುವುದರಿಂದ ಇಲ್ಲಿ ಹೆಚ್ಚಾಗಿ ಅದರ ಮಾತನ್ನೇ ಆಡುತ್ತೇನೆ.

ಮೇಲಿನ ಮುಚ್ಚಳ ತೆಗೆದು ಒಮ್ಮೆ ಕಣ್ಣಾಡಿಸಿ. ಇಲಿಗಳಿಗೆ ಈ ಜಾಗ ಬಹಳ ಇಷ್ಟ. ವೈರಿನ ಹೊದಿಕೆ ಕಡಿದಿರುತ್ತವೆ, ಎಂಜಿನ್ನಿನ ತಲೆಯ ಮೇಲಿನ ಭಾರದ ಚಕ್ರವಾದ ಫ್ಲೈವೀಲಿನ ಸುತ್ತ ಗೂಡು ಕಟ್ಟಿರುತ್ತವೆ. ತಂಪುನೀರು ಹೊರಗೆ ಚಿಮ್ಮುವ ಸಣ್ಣ ತೂತಿನಲ್ಲಿ ಕಣಜ ಮಣ್ಣಿನ ಗೂಡು ಮಾಡಿರುವುದೂ ಉಂಟು. ಒಂದು ತೆಳು ತಂತಿಯಿಂದ ಅದನ್ನು ಬಿಡಿಸಿ.

ಈಗ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ತುಕ್ಕು ಸಡಿಲಿಸುವ ಎಣ್ಣೆಯನ್ನು ಒಂದೆರಡು ಚಮಚದಷ್ಟು ಬಿಡಿ. ಬಿಟ್ಟು ಹೊರಟುಹೋಗಿ. ಕನಿಷ್ಠ ಒಂದು ರಾತ್ರಿ ಅದು ರಿಂಗುಗಳ ಸಂದಿಗೆ ಇಳಿಯಲಿ. ಮರುದಿನ ಗೇರನ್ನು ನ್ಯೂಟ್ರಲ್‌ಗೆ ತಂದು, ಫ್ಲೈವೀಲನ್ನು ಎರಡೂ ಕೈಗಳಲ್ಲಿ ಹಿಡಿದು, ಅದು ಸಹಜವಾಗಿ ತಿರುಗುವ ದಿಕ್ಕಿಗೇ ಮೆಲ್ಲಗೆ ತಿರುಗಿಸಿ. ಬಹುತೇಕ ಮೋಟಾರುಗಳಲ್ಲಿ ಮೇಲಿನಿಂದ ನೋಡಿದಾಗ ಅದು ಗಡಿಯಾರದ ಮುಳ್ಳು ಸುತ್ತುವ ದಿಕ್ಕು. ಇಂಪೆಲ್ಲರಿನ ರೆಕ್ಕೆಗಳು ಒಂದೇ ಕಡೆಗೆ ಬಾಗಿರುವುದರಿಂದ ಹಿಮ್ಮುಖ ತಿರುಗಿಸಿದರೆ ಅವುಗಳಿಗೆ ಪೆಟ್ಟು.

ಫ್ಲೈವೀಲ್ ಜಪ್ಪಯ್ಯ ಎಂದರೂ ಕದಲದಿದ್ದರೆ ಎದೆಗುಂದಬೇಡಿ, ಬಲವನ್ನೂ ಹಾಕಬೇಡಿ. ಅಸಿಟೋನ್ ಮತ್ತು ಆಟೋಮ್ಯಾಟಿಕ್ ಗೇರಿನ ಎಣ್ಣೆಯನ್ನು ಸಮಸಮ ಬೆರೆಸಿ ಸಿಲಿಂಡರಿಗೆ ಬಿಡುವುದು ಮೆಕ್ಯಾನಿಕ್‌ಗಳ ಹಳೆಯ ರೂಢಿ. ಅಸಿಟೋನಿಗೆ ಕ್ಷಣದಲ್ಲಿ ಬೆಂಕಿ ಹತ್ತಿಕೊಳ್ಳುತ್ತದೆ ಎಂಬುದು ಮಾತ್ರ ನೆನಪಿರಲಿ. ಕೆಲವು ದಿನ ದಿನಕ್ಕೊಮ್ಮೆ ಎಣ್ಣೆ ಬಿಡುತ್ತ, ದಿನಕ್ಕೊಮ್ಮೆ ಕೈಯಲ್ಲಿ ಅಲುಗಿಸುತ್ತ ಕಾಯಬೇಕು. ಹೀಗೆ ಕಾದು ಕುಳಿತ ಒಂದು ಮೋಟಾರ್ ನನ್ನ ಕೈಯಲ್ಲಿ ಆರನೆಯ ದಿನ ಕೂದಲೆಳೆಯಷ್ಟು ಕದಲಿತು. ಕಣ್ಣಿಗೆ ಕಾಣದಷ್ಟು ಸಣ್ಣ ಚಲನೆ. ಅಂಗೈಗೆ ಮಾತ್ರ ಗೊತ್ತಾಯಿತು. ಮರುದಿನ ಅದು ಪೂರ್ತಿ ಒಂದು ಸುತ್ತು ಬಂತು. ಸುತ್ತಿಗೆಯಿಂದ ಪಿಸ್ಟನ್ನಿಗೆ ಬಡಿಯುವುದು, ಉದ್ದನೆಯ ಪೈಪು ಸಿಕ್ಕಿಸಿ ಫ್ಲೈವೀಲಿನ ನಟ್ಟನ್ನು ತಿರುವುವುದು, ಇವೆಲ್ಲ ಉಳಿಯಬಹುದಾಗಿದ್ದ ಎಂಜಿನ್ನನ್ನು ಕೊಲ್ಲುವ ದಾರಿಗಳು.

ಸುಲಭವಾಗಿ ಸುತ್ತತೊಡಗಿದ ಮೇಲೆ ಪ್ಲಗ್ ತೂತುಗಳಿಗೆ ಬಟ್ಟೆ ಅಡ್ಡ ಹಿಡಿದು, ಹೆಚ್ಚಾದ ಎಣ್ಣೆಯನ್ನು ಕೈಯಿಂದ ತಿರುಗಿಸಿಯೇ ಹೊರಹಾಕಿ, ಕಂಪ್ರೆಷನ್, ಅಂದರೆ ಪಿಸ್ಟನ್ ಸಿಲಿಂಡರಿನೊಳಗೆ ಎಬ್ಬಿಸುವ ಒತ್ತಡ, ಅಳೆಯಬೇಕು. ಹಗ್ಗ ಎಳೆಯದೆ ಅಳೆಯಲಾಗುವುದಿಲ್ಲ. ಅದಕ್ಕೇ ಮೊದಲು ನೀರಿನ ಪಂಪನ್ನು ಬಿಚ್ಚಿಟ್ಟುಕೊಳ್ಳುವುದು ಒಳ್ಳೆಯದು (ಅದರ ವಿಚಾರ ಮುಂದೆ ಬರುತ್ತದೆ). ಎಲ್ಲ ಪ್ಲಗ್‌ಗಳನ್ನೂ ತೆಗೆದು, ಪ್ಲಗ್ ವೈರುಗಳನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ, ಥ್ರಾಟಲ್ ಪೂರ್ತಿ ತೆರೆದು, ಗೇಜಿನ ಮುಳ್ಳು ನಿಲ್ಲುವವರೆಗೆ ನಾಲ್ಕೈದು ಸಲ ಹಗ್ಗ ಎಳೆಯಿರಿ. ಚೆನ್ನಾಗಿರುವ ಎಷ್ಟೋ ಟೂ-ಸ್ಟ್ರೋಕ್ ಮೋಟಾರುಗಳು 90ರಿಂದ 120 ಪಿಎಸ್‌ಐ (ಒತ್ತಡದ ಅಳತೆ) ತೋರಿಸುತ್ತವೆ. ಹಳೆಯ ಸಣ್ಣವು ಅದಕ್ಕಿಂತ ಕಡಿಮೆ ಒತ್ತಡದಲ್ಲೂ ಚೆನ್ನಾಗಿ ಓಡುತ್ತವೆ. ನಾನು ಹೆಚ್ಚು ಗಮನಿಸುವುದು ಸಿಲಿಂಡರುಗಳ ನಡುವಿನ ವ್ಯತ್ಯಾಸವನ್ನು. ಅದು ನೂರಕ್ಕೆ 10–15ರ ಒಳಗಿದ್ದರೆ ನೆಮ್ಮದಿ. ಸ್ವಲ್ಪ ಕಡಿಮೆ ಬಂದರೂ ಕೈಬಿಡಬೇಡಿ; ಅಂಟಿಕೊಂಡ ರಿಂಗುಗಳು ಒಂದೆರಡು ಗಂಟೆ ಓಡಿದ ಮೇಲೆ ಬಿಡಿಸಿಕೊಂಡು ಒತ್ತಡ ಏರುವುದನ್ನು ಕಂಡಿದ್ದೇನೆ. ಒಂದು ಸಿಲಿಂಡರ್ ಮಾತ್ರ ಸೊನ್ನೆಯ ಹತ್ತಿರ ನಿಂತರೆ ಹೆಡ್ ಬಿಚ್ಚಿ ನೋಡದೆ ಬೇರೆ ದಾರಿಯಿಲ್ಲ.

ಕಿಡಿಯ ಪರೀಕ್ಷೆ ಸರಳ. ಹೊಸ ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಲೋಹದ ಭಾಗ ಎಂಜಿನ್ನಿಗೆ ಗಟ್ಟಿಯಾಗಿ ತಾಗುವಂತೆ ಇಟ್ಟು, ಹಗ್ಗ ಎಳೆದರೆ ನೀಲಿ ಕಿಡಿ ಚಟಪಟ ಹಾರಬೇಕು. ಪ್ಲಗ್ ತೂತಿನಿಂದ ದೂರವಿಟ್ಟೇ ಈ ಪರೀಕ್ಷೆ ಮಾಡಿ, ಏಕೆಂದರೆ ಅಲ್ಲಿಂದ ಬರುವ ಆವಿ ಹೊತ್ತಿಕೊಳ್ಳಬಲ್ಲದು. ತುರ್ತಾಗಿ ಎಂಜಿನ್ ನಿಲ್ಲಿಸುವ ಕೆಂಪು ದಾರ ತನ್ನ ಜಾಗದಲ್ಲಿದೆಯೇ ಎಂದು ಮೊದಲೇ ನೋಡಿ. ಅದು ಇಲ್ಲದೆ ಕಿಡಿಯೇ ಬರುವುದಿಲ್ಲ, ಅದಕ್ಕಾಗಿ ಅರ್ಧ ದಿನ ಹುಡುಕಾಡಿದವರಿದ್ದಾರೆ.

ಕಿಡಿ ಇಲ್ಲದಿದ್ದರೆ, ಹಳೆಯ ಮೋಟಾರುಗಳಲ್ಲಿ ಸಂಶಯ ಫ್ಲೈವೀಲಿನ ಅಡಿಗೆ ಹೋಗಬೇಕು. ಅಲ್ಲಿ ಪಾಯಿಂಟುಗಳೆಂಬ ಎರಡು ಪುಟ್ಟ ಲೋಹದ ಮುಖಗಳು ತೆರೆದು ಮುಚ್ಚುತ್ತ ವಿದ್ಯುತ್ತನ್ನು ಕಡಿದು ಜೋಡಿಸುತ್ತವೆ. ವರ್ಷಗಟ್ಟಲೆ ನಿಂತಾಗ ಅವುಗಳ ಮೇಲೆ ಬೂದಿ ಬಣ್ಣದ ಪೊರೆ ಕಟ್ಟಿ ಸಂಪರ್ಕ ತಪ್ಪುತ್ತದೆ. ಅತಿ ನಯವಾದ ಉಪ್ಪುಕಾಗದದಿಂದ ತಿಕ್ಕಿ, ದ್ರಾವಕದಲ್ಲಿ ಅದ್ದಿದ ಗಟ್ಟಿ ಕಾಗದದ ಚೂರನ್ನು ನಡುವೆ ಎಳೆದು ಒರೆಸಿದರೆ ಎಷ್ಟೋ ಸಲ ಅಷ್ಟಕ್ಕೇ ಕಿಡಿ ಮರಳುತ್ತದೆ. ಬಹಳಷ್ಟು ಮೋಟಾರುಗಳಲ್ಲಿ ಪಾಯಿಂಟುಗಳು ಪೂರ್ತಿ ತೆರೆದಾಗ ಅಂತರ ಸುಮಾರು 0.5 ಮಿಲಿಮೀಟರ್ ಇರಬೇಕು. ನಿಮ್ಮದರ ನಿಖರ ಅಳತೆ ಕೈಪಿಡಿಯಲ್ಲಿರುತ್ತದೆ. 1950–60ರ ದಶಕದ ಮೋಟಾರುಗಳಾದರೆ ಕಿಡಿಗೆ ವಿದ್ಯುತ್ ಒದಗಿಸುವ ಕಾಯಿಲ್‌ಗಳ ಹೊರಕವಚ ಬಿರುಕು ಬಿಟ್ಟಿರುವುದು ತೀರಾ ಸಾಮಾನ್ಯ. ಬಿರುಕು ಕಂಡರೆ ಬದಲಾಯಿಸಿಬಿಡಿ. ಫ್ಲೈವೀಲ್ ತೆಗೆಯಲು ಅದರ ನಡುವಿನ ತೂತುಗಳಿಗೆ ಬೋಲ್ಟ್ ಹಾಕಿ ಎಳೆಯುವ ಪುಲ್ಲರ್ ಬೇಕು, ಅಂಚು ಹಿಡಿದು ಎಳೆಯುವಂಥದಲ್ಲ. ಮರಳಿ ಕೂರಿಸುವಾಗ ಶಾಫ್ಟಿನ ಇಳಿಜಾರು ಭಾಗ ಎಣ್ಣೆಯಿಲ್ಲದೆ ಒಣಗಿರಬೇಕು, ನಟ್ಟು ಹೇಳಿದಷ್ಟೇ ಬಿಗಿಯಬೇಕು. ಸಡಿಲವಾದರೆ ನಡುವಿನ ಕೀಲಿ ಕತ್ತರಿಸಿ ಕಿಡಿಯ ಹೊತ್ತೇ ತಪ್ಪಿಹೋಗುತ್ತದೆ.

ಇನ್ನು ಕಾರ್ಬ್ಯುರೇಟರ್. ನಿಂತುಹೋದ ಮೋಟಾರುಗಳ ಕಾಯಿಲೆಯಲ್ಲಿ ಮುಕ್ಕಾಲು ಪಾಲು ಇಲ್ಲಿಯೇ ಇರುತ್ತದೆ ಎಂಬುದು ನನ್ನ ಅನುಭವ. ಪೆಟ್ರೋಲ್ ಒಂದೇ ವಸ್ತುವಲ್ಲ, ಹಗುರ ಮತ್ತು ಭಾರದ ಹಲವು ದ್ರವಗಳ ಬೆರಕೆ. ಹಗುರವಾದವು ಆವಿಯಾಗಿ ಹೋಗುತ್ತವೆ; ಎಂಜಿನ್ ಹೊತ್ತಿಕೊಳ್ಳಲು ಬೇಕಾದದ್ದು ಅವೇ. ಉಳಿದ ಭಾಗ ಗಾಳಿಯ ಆಮ್ಲಜನಕದೊಡನೆ ಸೇರಿ ಅಂಟಾಗುತ್ತದೆ, ಆಮೇಲೆ ಮರಕ್ಕೆ ಬಳಿಯುವ ವಾರ್ನಿಶಿನಂತೆ ಗಟ್ಟಿಯಾಗುತ್ತದೆ.

ತಳದ ಬಟ್ಟಲನ್ನು ಬಿಚ್ಚಿದಾಗ ಕಾಣುವ ನೋಟ ಒಮ್ಮೆ ನೋಡಿದರೆ ಮರೆಯುವುದಿಲ್ಲ. ಒಳಗೋಡೆಗೆ ಬೆಲ್ಲದ ಪಾಕದ ಬಣ್ಣದ ಪೊರೆ, ತಳದಲ್ಲಿ ಹಸಿರು ಬೂದಿಯಂಥ ಪುಡಿ, ಹಳಸಿದ ಹುಳಿ ವಾಸನೆ. ಪೆಟ್ರೋಲಿನ ಮಟ್ಟ ಕಾಯುವ ತೇಲುಬುರುಡೆ, ಅಂದರೆ ಫ್ಲೋಟ್, ಇದ್ದಲ್ಲೇ ಅಂಟಿಕೊಂಡಿರುತ್ತದೆ. ನಡುವಿನ ಹಿತ್ತಾಳೆಯ ಜೆಟ್ ಬಿಚ್ಚಿ ಬೆಳಕಿಗೆ ಹಿಡಿದರೆ ಕತ್ತಲೆ. ಸೂಜಿಯ ಮೊನೆಯಷ್ಟು ಸಣ್ಣ ಆ ತೂತಿನ ಮೂಲಕವೇ ಎಂಜಿನ್ನಿನ ಅನ್ನವೆಲ್ಲ ಬರಬೇಕು. ಬಿಡಿಭಾಗಗಳನ್ನು ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಹಾಕಿ, ಪ್ರತಿ ಕಿಂಡಿಗೂ ಸಿಂಪಡಿಸಿ, ಗಾಳಿ ಊದಿ. ಕಣ್ಣಿಗೆ ಕನ್ನಡಕ ಇರಲಿ, ಆ ದ್ರಾವಕ ಎದುರಿನ ತೂತಿನಿಂದ ನೇರ ಮುಖಕ್ಕೆ ಚಿಮ್ಮುತ್ತದೆ. ರಬ್ಬರಿನ ಮತ್ತು ಪ್ಲಾಸ್ಟಿಕ್ಕಿನ ಭಾಗಗಳನ್ನು ಅದರಲ್ಲಿ ಅದ್ದಬೇಡಿ. ಜೆಟ್ಟಿಗೆ ಉಕ್ಕಿನ ತಂತಿ ತುರುಕಬೇಡಿ. ಹಿತ್ತಾಳೆ ಮೆದು, ತೂತು ಎಳ್ಳಷ್ಟು ಹಿಗ್ಗಿದರೂ ಇಂಧನದ ಲೆಕ್ಕ ತಪ್ಪುತ್ತದೆ. ಜೆಟ್ಟನ್ನು ಮತ್ತೆ ಬೆಳಕಿಗೆ ಹಿಡಿಯಿರಿ. ದುಂಡನೆಯ ಸ್ವಚ್ಛ ಬೆಳಕಿನ ಚುಕ್ಕಿ ಕಾಣುವವರೆಗೆ ಕೆಲಸ ಮುಗಿದಿಲ್ಲ. ಮಂದಗತಿಗೆ ಇಂಧನ ಕೊಡುವ ಸಣ್ಣ ದಾರಿಗಳನ್ನು ಮರೆಯುವವರೇ ಹೆಚ್ಚು; ಎಂಜಿನ್ ವೇಗದಲ್ಲಿ ಓಡಿ, ನಿಧಾನಿಸಿದ ಕೂಡಲೇ ನಿಲ್ಲುತ್ತದೆ ಎಂದರೆ ಕಟ್ಟಿಕೊಂಡಿರುವುದು ಆ ದಾರಿಯೇ. ಹೊಸ ಗ್ಯಾಸ್ಕೆಟ್, ಫ್ಲೋಟಿನೊಂದಿಗೆ ಏರಿ ಇಳಿದು ಪೆಟ್ರೋಲ್ ತಡೆಯುವ ಹೊಸ ನೀಡಲ್ ವಾಲ್ವ್ ಹಾಕಿ ಜೋಡಿಸಿ.

ಟ್ಯಾಂಕಿನ ಹಳೆಯ ಪೆಟ್ರೋಲಿನ ಮೇಲೆ ಮೋಹ ಬೇಡ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರುತ್ತದೆ. ನೂರಕ್ಕೆ 10 ಭಾಗ ಎಥನಾಲ್ ಇರುವ ಪೆಟ್ರೋಲ್ ಸಾಮಾನ್ಯ ಉಷ್ಣಾಂಶದಲ್ಲಿ ನೂರಕ್ಕೆ ಸುಮಾರು ಅರ್ಧ ಭಾಗ ನೀರನ್ನು ಮಾತ್ರ ತನ್ನೊಳಗೆ ಇಟ್ಟುಕೊಳ್ಳಬಲ್ಲದು, ಅಂದರೆ 20 ಲೀಟರಿಗೆ 100 ಮಿಲಿಲೀಟರ್. ಅದನ್ನು ಮೀರಿದರೆ ನೀರು ಮತ್ತು ಎಥನಾಲ್ ಜೊತೆಗೂಡಿ ತಳಕ್ಕೆ ಇಳಿಯುತ್ತವೆ. ಟೂ-ಸ್ಟ್ರೋಕ್ ಮೋಟಾರಿಗೆ ಇದು ಎರಡು ಪಟ್ಟು ಅಪಾಯ. ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ಎಂಜಿನ್ ಹೀರುವುದು ಟ್ಯಾಂಕಿನ ತಳದಿಂದ. ಎಣ್ಣೆಯಿಲ್ಲದ ಆ ದ್ರವದಲ್ಲಿ ಓಡಿದರೆ ಬೇರಿಂಗುಗಳಿಗೆ ಜಿಡ್ಡು ಎಲ್ಲಿಂದ ಬರಬೇಕು? ಟೂ-ಸ್ಟ್ರೋಕಿನಲ್ಲಿ ಇಂಧನದ ಜೊತೆ ಬರುವ ಎಣ್ಣೆ ಬಿಟ್ಟರೆ ಬೇರೆ ಎಣ್ಣೆಯೇ ಇಲ್ಲ.

ಹಾಗಾಗಿ ಟ್ಯಾಂಕ್ ಖಾಲಿ ಮಾಡಿ, ತೊಳೆದು, ಹೊಸ ಪೆಟ್ರೋಲ್ ತುಂಬಿ. ಎಣ್ಣೆ ಟಿಸಿ-ಡಬ್ಲ್ಯು3 ಗುರುತಿನದೇ ಆಗಿರಲಿ. ಅದು ನೀರಿನಿಂದ ತಂಪಾಗುವ ಎಂಜಿನ್ನಿಗೆಂದೇ ಮಾಡಿದ, ಬೂದಿ ಬಿಡದ ಎಣ್ಣೆ. ಪ್ರಮಾಣ 50:1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್, 25:1 ಎಂದಿದ್ದರೆ 40. ನಿಮ್ಮ ಮೋಟಾರಿಗೆ ಎಷ್ಟು ಎನ್ನುವುದನ್ನು ಊಹೆಗೆ ಬಿಡಬೇಡಿ, ಬಹಳ ಹಳೆಯವಕ್ಕೆ ಹೆಚ್ಚು ಎಣ್ಣೆ ಬೇಕು. ಗಟ್ಟಿಯಾದ ಅಥವಾ ಬಿರುಕು ಬಿಟ್ಟ ಇಂಧನದ ಪೈಪನ್ನೂ ಕೈಯಲ್ಲಿ ಅದುಮುವ ರಬ್ಬರ್ ಬುರುಡೆಯನ್ನೂ ಬದಲಾಯಿಸಿ. ಬುರುಡೆಯ ಮೇಲಿನ ಬಾಣ ಎಂಜಿನ್ನಿನ ಕಡೆಗಿರಬೇಕು. 1950ರ ದಶಕದ ಕೆಲವು ಮೋಟಾರುಗಳಿಗೆ ಜೋಡಿ ಪೈಪು ಇರುತ್ತದೆ. ಅವುಗಳಲ್ಲಿ ಎಂಜಿನ್ ಟ್ಯಾಂಕಿಗೆ ಗಾಳಿ ತುಂಬಿ ಪೆಟ್ರೋಲನ್ನು ಮೇಲಕ್ಕೆ ತಳ್ಳುತ್ತದೆ. ಒತ್ತಡದಲ್ಲಿ ಪೆಟ್ರೋಲ್ ತುಂಬಿದ ಹಳೆಯ ಟ್ಯಾಂಕ್ ನನಗೆ ಎಳ್ಳಷ್ಟೂ ಸಮಾಧಾನದ ವಸ್ತುವಲ್ಲ. ಇಂಧನ ಪಂಪಿಗೆ ಬದಲಾಯಿಸಿಕೊಳ್ಳುವುದೇ ಮೇಲು.

ಈಗ ನೀರಿನ ಪಂಪ್. ಮೋಟಾರಿನ ಕೆಳಭಾಗವನ್ನು ಬಿಚ್ಚಿ ಕೆಳಗಿಳಿಸಬೇಕು. ಕೆಲವೇ ಬೋಲ್ಟುಗಳು, ಜೊತೆಗೆ ಗೇರಿನ ಸರಳಿನ ಒಂದು ಜೋಡಣೆ. ಉಪ್ಪುನೀರಿನಲ್ಲಿ ಓಡಿದ ಮೋಟಾರಾದರೆ ಈ ಬೋಲ್ಟುಗಳೇ ಇಡೀ ಕೆಲಸದ ಕಷ್ಟದ ಭಾಗ. ಬಿಸಿ ಮಾಡಿ, ಎಣ್ಣೆ ಬಿಟ್ಟು, ಸ್ವಲ್ಪ ಬಿಗಿದು ಸ್ವಲ್ಪ ಸಡಿಲಿಸಿ, ತಾಳ್ಮೆಯಿಂದ ಬಿಡಿಸಿ. ಪೆಟ್ರೋಲಿನ ಹನಿಯೂ ಹತ್ತಿರ ಇಲ್ಲದಿದ್ದಾಗ ಮಾತ್ರ ಬಿಸಿ ಮಾಡಿ.

ಪಂಪಿನ ಮುಚ್ಚಳ ತೆಗೆದರೆ ಹಳೆಯ ಇಂಪೆಲ್ಲರ್ ಕಾಣುತ್ತದೆ. ಹೊಸದರಲ್ಲಿ ರೆಕ್ಕೆಗಳು ನೇರವಾಗಿ ಚಾಚಿರುತ್ತವೆ. ಹಳೆಯದರಲ್ಲಿ ಒಂದು ಮಗ್ಗುಲಿನವು ಬಾಡಿದ ಎಸಳುಗಳಂತೆ ಮಡಚಿಕೊಂಡೇ ಗಟ್ಟಿಯಾಗಿರುತ್ತವೆ, ಉಗುರು ಒತ್ತಿದರೆ ಗುರುತು ಬೀಳುವುದಿಲ್ಲ. ರೆಕ್ಕೆಗಳನ್ನು ಎಣಿಸಿ. ಒಂದು ಕಡಿಮೆಯಿದ್ದರೆ ಆ ತುಣುಕು ಮೇಲಿನ ತಾಮ್ರದ ಕೊಳವೆಯಲ್ಲೋ ಥರ್ಮೋಸ್ಟಾಟಿನ ಬಾಯಲ್ಲೋ ಕುಳಿತಿರುತ್ತದೆ. ಅದನ್ನು ಹುಡುಕಿ ತೆಗೆಯದೆ ಮುಂದೆ ಹೋಗಬೇಡಿ. ಹಳೆಯ ಇಂಪೆಲ್ಲರ್ ನೋಡಲು ಚೆನ್ನಾಗಿದ್ದರೂ ಮತ್ತೆ ಹಾಕಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಇಡೀ ಎಂಜಿನ್ನಿನ ಪ್ರಾಣ ಈ ಅಂಗೈಯಗಲದ ರಬ್ಬರಿನ ಮೇಲಿದೆ. ಹೊಸದಕ್ಕೆ ಸೋಪಿನ ನೀರು ಸವರಿ, ಶಾಫ್ಟನ್ನು ಓಡುವ ದಿಕ್ಕಿಗೆ ತಿರುಗಿಸುತ್ತ ಮುಚ್ಚಳ ಒತ್ತಿದರೆ ರೆಕ್ಕೆಗಳು ಸರಿಯಾದ ಕಡೆಗೇ ಬಾಗಿ ಒಳಗೆ ಕೂರುತ್ತವೆ. ಶಾಫ್ಟಿನ ಹಲ್ಲುಗಳ ಬದಿಗೆ ಗ್ರೀಸ್ ಹಚ್ಚಿ, ತುದಿಗೆ ಬೇಡ. ತುದಿಯ ಗ್ರೀಸ್ ಜಾಗ ತುಂಬಿಕೊಂಡು ಶಾಫ್ಟ್ ಪೂರ್ತಿ ಕೂರದಂತೆ ಮಾಡುತ್ತದೆ.

ಗೇರ್ ಪೆಟ್ಟಿಗೆಯ ಎಣ್ಣೆಯನ್ನೂ ಈಗಲೇ ಇಳಿಸಿ. ಎಣ್ಣೆ ಚಹಾಕ್ಕೆ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಸೀಲ್ ಹೋಗಿದೆ ಎಂದರ್ಥ. ಪ್ರೊಪೆಲ್ಲರ್ ತೆಗೆದು ನೋಡಿ. ಅದರ ಹಿಂದೆ ಸುತ್ತಿಕೊಂಡ ಗಾಳದ ದಾರ ಸೀಲನ್ನು ಕೊಯ್ದಿರುವುದು ಸಾಮಾನ್ಯ. ತಳದ ತಿರುಪಿಗೆ ಅಂಟಿದ ನಯವಾದ ಬೂದುಬಣ್ಣದ ಲೇಪಕ್ಕೆ ಹೆದರಬೇಕಿಲ್ಲ, ಲೋಹದ ಚೂರುಗಳಿದ್ದರೆ ಹೆದರಬೇಕು. ಹೊಸ ಎಣ್ಣೆಯನ್ನು ತಳದ ತೂತಿನಿಂದಲೇ ಒತ್ತಿ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಹೊರಬರುವವರೆಗೆ ತುಂಬಿ. ಮೊದಲು ಮೇಲಿನ ತಿರುಪು, ಆಮೇಲೆ ಕೆಳಗಿನದು, ಎರಡಕ್ಕೂ ಹೊಸ ವಾಷರ್. ಕೆಲವು ಮೋಟಾರುಗಳಲ್ಲಿ ಪಕ್ಕದಲ್ಲೇ ನಕ್ಷತ್ರದ ತಲೆಯ ಇನ್ನೊಂದು ತಿರುಪಿರುತ್ತದೆ. ಅದು ಎಣ್ಣೆಯದಲ್ಲ, ಒಳಗಿನ ಗೇರ್ ಬದಲಿಸುವ ಕೀಲನ್ನು ಹಿಡಿದಿರುವುದು. ಅದನ್ನು ಬಿಚ್ಚಿದರೆ ಪೆಟ್ಟಿಗೆಯನ್ನೇ ಬಿಚ್ಚಬೇಕಾದ ಸಂದರ್ಭ ಬರುತ್ತದೆ.

ಮೊದಲ ಓಟ ಬಯಲಿನಲ್ಲಿ, ಡ್ರಮ್ಮಿನ ನೀರಿನಲ್ಲಿ ನಡೆಯಲಿ. ಮುಚ್ಚಿದ ಕೋಣೆಯಲ್ಲಿ ಬೇಡ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಕೊಲ್ಲುತ್ತದೆ. ಪ್ರೊಪೆಲ್ಲರ್ ತೆಗೆದಿಡಿ. ನೀರು ಪ್ರೊಪೆಲ್ಲರಿನ ಮೇಲಿರುವ ಅಡ್ಡ ಹಲಗೆಗಿಂತ ಒಂದು ಗೇಣು ಮೇಲಿರಲಿ. ಟ್ಯಾಂಕಿನ ಗಾಳಿಯ ತಿರುಪು ಸಡಿಲಿಸಿ, ಬುರುಡೆ ಗಟ್ಟಿಯಾಗುವವರೆಗೆ ಅದುಮಿ, ಚೋಕ್ ಎಳೆದು, ಈಗ ಹಗ್ಗ ಹಿಡಿಯಿರಿ.

ಹೊತ್ತಿಕೊಂಡ ಕೂಡಲೇ ದಟ್ಟ ಬಿಳಿ ಹೊಗೆ ಬರುತ್ತದೆ. ಅದು ನೀವೇ ಸಿಲಿಂಡರಿಗೆ ಬಿಟ್ಟ ಎಣ್ಣೆ. ಕೆಲವು ನಿಮಿಷದಲ್ಲಿ ಕಡಿಮೆಯಾಗುತ್ತದೆ. ಆಗ ನಿಮ್ಮ ಕಣ್ಣು ಹಿಂಬದಿಯ ಸಣ್ಣ ತೂತಿನ ಮೇಲಿರಲಿ. ಒಂದು ನಿಮಿಷದೊಳಗೆ ಅಲ್ಲಿಂದ ನೀರು ಧಾರೆಯಾಗಿ ಬರಬೇಕು. ಆ ತೂತೇ ಇಲ್ಲದ ಹಳೆಯ ಮೋಟಾರುಗಳಲ್ಲಿ ಹೊಗೆಯ ಕಿಂಡಿಯಿಂದ ನೀರಿನ ತುಂತುರು ಬರುತ್ತದೆ. ಬರದಿದ್ದರೆ ಎಂಜಿನ್ ಎಷ್ಟೇ ಸೊಗಸಾಗಿ ಓಡುತ್ತಿದ್ದರೂ ತಕ್ಷಣ ನಿಲ್ಲಿಸಿ.

ಸರಿಯಾಗಿ ಓಡದಿದ್ದರೆ ಅದು ಓಡುವ ರೀತಿಯೇ ಕಾರಣ ಹೇಳುತ್ತದೆ. ಚೋಕ್ ಎಳೆದಾಗ ಮಾತ್ರ ಓಡುತ್ತದೆಯೇ? ಇಂಧನ ಸಾಲುತ್ತಿಲ್ಲ, ಜೆಟ್ ಇನ್ನೂ ಕಟ್ಟಿದೆ. ಬುರುಡೆ ಅದುಮುತ್ತಿದ್ದರೆ ಮಾತ್ರ ಓಡುತ್ತದೆಯೇ? ಇಂಧನ ಪಂಪಿನ ಪೊರೆ ಗಟ್ಟಿಯಾಗಿದೆ, ಇಲ್ಲವೇ ಪೈಪಿನ ಜೋಡಣೆಯಲ್ಲಿ ಗಾಳಿ ಸೇರುತ್ತಿದೆ. ಐದಾರು ನಿಮಿಷ ಚೆನ್ನಾಗಿ ಓಡಿ ಉಸಿರು ಕಟ್ಟಿದಂತೆ ನಿಲ್ಲುತ್ತದೆಯೇ? ಟ್ಯಾಂಕಿನ ಗಾಳಿಯ ತಿರುಪು ನೋಡಿ. ಬಿಸಿಯಾದ ಮೇಲೆ ಕಿಡಿ ಮಾಯವಾಗಿ, ತಣ್ಣಗಾದಾಗ ಮರಳುತ್ತದೆಯೇ? ಕಾಯಿಲ್ ಬದಲಾಯಿಸಬೇಕು.

ಕೆಂಪು ದಾರ ಎಳೆದರೆ ಎಂಜಿನ್ ನಿಲ್ಲುತ್ತದೆಯೇ ಎಂದು ಡ್ರಮ್ಮಿನಲ್ಲಿರುವಾಗಲೇ ಖಚಿತಪಡಿಸಿಕೊಳ್ಳಿ. ಡ್ರಮ್ಮಿನಲ್ಲಿ ಎಂಜಿನ್ನಿಗೆ ಹೊರೆಯಿಲ್ಲ, ಅಲ್ಲಿ ಓಡಿತೆಂದು ನಡುನೀರಿಗೆ ಹೋಗಬಾರದು. ದೋಣಿಯನ್ನು ದಡಕ್ಕೆ ಗಟ್ಟಿಯಾಗಿ ಕಟ್ಟಿ, ಗೇರಿಗೆ ಹಾಕಿ ಹತ್ತು ಹದಿನೈದು ನಿಮಿಷ ಓಡಿಸಿ. ಆಮೇಲೆ ದಡ ಕಾಣುವಷ್ಟು ದೂರ, ಹುಟ್ಟುಗಳನ್ನು ದೋಣಿಯಲ್ಲಿಟ್ಟುಕೊಂಡು.

ಮರಳಿ ಬಂದ ಮೇಲೆ ಪ್ಲಗ್ ಬಿಚ್ಚಿ ನೋಡಿ. ತುದಿ ತಿಳಿ ಕಂದು ಬಣ್ಣಕ್ಕಿದ್ದರೆ ಇಂಧನದ ಲೆಕ್ಕ ಸರಿ. ಒದ್ದೆಯಾಗಿ ಕಪ್ಪಾಗಿದ್ದರೆ ಇಂಧನ ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಕಡಿಮೆ; ಬೆಳ್ಳಗಿದ್ದಾಗ ಎಂಜಿನ್ ಒಳಗೆ ಬೇಯುತ್ತಿರುತ್ತದೆ, ಸರಿಪಡಿಸದೆ ಮತ್ತೆ ಓಡಿಸಬೇಡಿ. ಉಪ್ಪುನೀರಿನಲ್ಲಿ ಹೋಗಿದ್ದರೆ ಸಿಹಿನೀರಿನ ಡ್ರಮ್ಮಿನಲ್ಲಿ ಹತ್ತು ನಿಮಿಷ ಓಡಿಸಿ. ಕೆಲವು ವಾರ ನೀರಿಗೆ ಇಳಿಸುವುದಿಲ್ಲ ಎಂದಾದರೆ ಇಂಧನದ ಪೈಪನ್ನು ಕಳಚಿ, ಬಟ್ಟಲಿನಲ್ಲಿ ಉಳಿದ ಪೆಟ್ರೋಲನ್ನು ತಳದ ತಿರುಪಿನಿಂದ ಇಳಿಸಿ, ಮೋಟಾರನ್ನು ನೆಟ್ಟಗೆ ನಿಲ್ಲಿಸಿ ಒಳಗಿನ ನೀರೆಲ್ಲ ಬಸಿದುಹೋಗಲು ಬಿಡಿ. ಬಟ್ಟಲಿನ ಆ ಕೊನೆಯ ಹನಿಗಳನ್ನು ಹೀಗೆ ಇಳಿಸದೆ ಬಿಟ್ಟದ್ದರಿಂದಲೇ ಈ ಮೋಟಾರಿನ ಕಾರ್ಬ್ಯುರೇಟರಿನಲ್ಲಿ ಅಷ್ಟೊಂದು ಅಂಟು ಕಟ್ಟಿತ್ತು.